ಮಾದರಿ ಮನೆಗೊಬ್ಬ ಮಾದರಿ ಅಪ್ಪ

ನಮ್ಮ ಮನೆಯಲ್ಲಿ ನನ್ನ ಮಾತು ಯಾರಿಗೂ ಕೇಳಿಸುವುದಿಲ್ಲ ಎಂದು ನಾನು ದೂರುವಂತಿಲ್ಲ. ಮನೆ ಅಷ್ಟು ಚಿಕ್ಕದು. ಹಾಲಿನಲ್ಲಿ ಕೂತು ಒಂದು ನಿಟ್ಟುಸಿರು ಬಿಟ್ಟರೆ ಅಡುಗೆಮನೆಯಿಂದ "ಏನಾಯ್ತ್ರೀ ಈಗ?" ಎಂಬ ವಿಚಾರಣೆ ಬರುತ್ತದೆ. ಆದ್ದರಿಂದ ನನ್ನ ಮಾತು ಎಲ್ಲರಿಗೂ ಕೇಳಿಸುತ್ತದೆ. ಯಾರೂ ಕೇಳುವುದಿಲ್ಲ, ಅಷ್ಟೆ.

ನಾವು ಹಿರಿಯೂರಿನ ಕಡೆಯವರು. ಕೊಯಮತ್ತೂರಿನ ಪೀಳಮೇಡಿನಲ್ಲಿ ಒಂದು ಪಂಪ್‌ಸೆಟ್ ಕಂಪನಿಯ ಆಫೀಸಿನಲ್ಲಿ ನನಗೆ ಕೆಲಸ. ಜಾನಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಜಾನಮ್ಮನವರದು ತಲೆತಲಾಂತರದಿಂದ ಇಲ್ಲೇ ನೆಲೆಸಿದ ಕನ್ನಡದ ಬೇಸಾಯಗಾರರ ಮನೆತನ. ಹೊಸಿಲಿನ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಹೊಸಿಲ ಮೇಲೆ ನಿಂತರೆ ಎರಡೂ. ಮನೆ ಕೇಳಲು ಹೋದ ದಿನ ಅವರು ನನ್ನ ಕೆಲಸ, ಸಂಬಳ ಏನನ್ನೂ ವಿಚಾರಿಸಲಿಲ್ಲ. "ನಮ್ಮ ಮಾತು ಆಡ್ತೀರಲ್ಲ ತಂಬಿ, ಅದು ಸಾಕು" ಎಂದು ಬೀಗದ ಕೈ ಕೊಟ್ಟರು. (ಅಲ್ಲಿಂದ ಈಚೆಗೆ ಆ ಮಾತನ್ನು ನಿಲ್ಲಿಸಿಲ್ಲ.)

ಇಂಥ ಮನೆಯಲ್ಲಿ ನಮ್ಮ ಇಬ್ಬರು ಮಕ್ಕಳ ವಿದ್ಯಾಭ್ಯಾಸ ನಡೆಯುತ್ತದೆ. ಅಪೂರ್ವ ಆರನೆಯ ತರಗತಿ, ಪ್ರಣವ್ ಮೂರನೆಯದು. ಸಂಜೆಯಾದರೆ ಅಡುಗೆಮನೆಯ ಬಾಗಿಲ ಹತ್ತಿರ ಒಂದು ಚಾಪೆ. ಒಳಗೆ ನನ್ನ ಹೆಂಡತಿ ದ್ರಾಕ್ಷಾಯಣಿ ಒಗ್ಗರಣೆ ಹಾಕುತ್ತಾ ಮಗ್ಗಿ ಹೇಳಿಸುತ್ತಾಳೆ.

"ಏಳೇಳ್ಲಿ?"

"ನಲವತ್ತೊಂಬತ್ತು!"

"ಸಾಸಿವೆ ಡಬ್ಬಿ ಕೊಡು. ಏಳೆಂಟ್ಲಿ?"

ಇದರ ಫಲ ಏನಾಯಿತು ಕೇಳಿ. ಶಾಲೆಯಲ್ಲಿ ಟೀಚರು ಏಳೇಳ್ಲಿ ಎಷ್ಟು ಎಂದಾಗ ನಮ್ಮ ಸುಪುತ್ರ ಎದ್ದು ನಿಂತು, "ಫಾರ್ಟಿ ನೈನ್, ಸಾಸಿವೆ" ಎಂದನಂತೆ. ಟೀಚರು ತಮಿಳಿನವರು. ಸಾಸಿವೆ ಎಂಬುದು ಕನ್ನಡದಲ್ಲಿ ಯಾವುದೋ ಲೆಕ್ಕದ ಪದವಿರಬೇಕೆಂದು ಸುಮ್ಮನಾದರಂತೆ.

"ನೋಡು," ಎಂದೆ ದ್ರಾಕ್ಷಾಯಣಿಗೆ. "ಕಲಿಕೆಗೆ ಒಂದು ವಾತಾವರಣ ಅಂತ ಬೇಕು."

"ಫಾರ್ಟಿ ನೈನ್ ಸರೀನೋ ತಪ್ಪೋ?"

"ಸರಿ. ಆದ್ರೆ ಸಾಸಿವೆ..."

"ಸಾಸಿವೇನೂ ಸರಿ. ಅವತ್ತಿನ ಸಾರು ಚೆನ್ನಾಗಿದೆ ಅಂತ ಎರಡು ಸಲ ಹಾಕಿಸ್ಕೊಂಡ್ರಲ್ಲ."

ಹೀಗೆ ವಾದದಲ್ಲಿ ನಾನು ಸಾಸಿವೆಯಷ್ಟೂ ಮುಂದುವರಿಯಲಾಗದೆ ಇದ್ದ ಕಾಲದಲ್ಲಿ ಸೆಂದಿಲ್ ಕುಮಾರ್ ಬಂದ.

ಸೆಂದಿಲ್ ಕುಮಾರ್ ಜಾನಮ್ಮನವರ ಅಣ್ಣನ ಮಗ. ಅಪ್ಪನ ಕಾಲದಲ್ಲಿ ವೆಳ್ಳಕೋಯಿಲ್ ಹತ್ತಿರ ತೋಟ. ಇವನ ಕಾಲಕ್ಕೆ ಕೊಯಮತ್ತೂರಿನಲ್ಲಿ ಮನೆ ಕಟ್ಟಿ ಮಾರುವ ವ್ಯಾಪಾರ. ವಿಮಾನ ನಿಲ್ದಾಣ ದಾಟಿ ಸ್ವಲ್ಪ ಒಳಗೆ ಹೋದರೆ ಅವನ 'ಜ್ಞಾನಾಂಕುರಂ ವಿಲ್ಲಾಸ್' ಏಳುತ್ತಿತ್ತು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಶ್ರೀಮಂತರಿಗಾಗಿಯೇ ವಿನ್ಯಾಸ ಮಾಡಿದ ಮನೆಗಳು. ಒಂದೊಂದು ವಿಷಯಕ್ಕೆ ಒಂದೊಂದು ಕೋಣೆ. ಬ್ರೋಷರನ್ನು ನಾನು ಜಾನಮ್ಮನವರ ಜಗಲಿಯಲ್ಲಿ ಕೂತು ಕಂಠಪಾಠ ಮಾಡಿದ್ದೆ. (ಕೊಳ್ಳುವ ತಾಕತ್ತಿಲ್ಲದವನು ಓದಿದಷ್ಟು ಶ್ರದ್ಧೆಯಿಂದ ಬ್ರೋಷರನ್ನು ಕೊಳ್ಳುವವನು ಓದುವುದಿಲ್ಲ.)

ಅಂದು ಸೆಂದಿಲ್ ಜಗಲಿಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ.

"ಏನಾಯ್ತು ಸೆಂದಿಲ್?"

"ಏನ್ ಹೇಳೋದುಂಗ ಅಣ್ಣಾ! ನಾಳೆ ಸನಿವಾರ ಮಾಡೆಲ್ ವಿಲ್ಲಾ ಓಪನಿಂಗ್. ತಿರುಪ್ಪೂರಿಂದ ದೊಡ್ಡ ಪಾರ್ಟಿ ಬರ್ತಾ ಇದೆ. ಮನೆ ಖಾಲಿ ಇದ್ರೆ ನಲ್ಲಾ ಇರೋದಿಲ್ಲ ಅಂತ, ನಿಜವಾಗ್ಲೂ ಮನೇಲೇ ಓದಿಸೋ ಫ್ಯಾಮಿಲಿ ಒಂದು ಪಿಡಿದಿದ್ದೆ. ಅವ್ರು ಬಂದು ಕೂತ್ಕೊಳ್ತಾರೆ, ಕುಟ್ಟಿಗಳು ಓದ್ತಾವೆ, ಪಾರ್ಟಿ ನೋಡ್ತಾರೆ. ಇವಾಗ ಫೋನ್ ಮಾಡಿ ಬರೋಕೆ ಆಗಲ್ಲ ಅಂತಾರುಂಗ." (ಮಾತಿನ ತುದಿಗೆ 'ಉಂಗ' ಹಚ್ಚುವುದು ಕೊಯಮತ್ತೂರಿನ ಮರ್ಯಾದೆ.)

"ಯಾಕಂತೆ?"

"ಮಕ್ಕಳನ್ನ ಊಟಿ ಹಾಸ್ಟೆಲ್‌ಗೆ ಸೇರಿಸ್ಬಿಟ್ರಂತೆ."

ನನ್ನ ತಲೆಯಲ್ಲಿ ಜ್ಞಾನಾಂಕುರವಾದದ್ದು ಆಗ. ಮಕ್ಕಳಿಗೆ ಪರೀಕ್ಷೆ ಮುಗಿದು ರಜೆ. ಒಂದು ದಿನವಾದರೂ ನಿಜವಾದ ವಾತಾವರಣದಲ್ಲಿ ಕೂತು ಓದಲಿ. ದ್ರಾಕ್ಷಾಯಣಿಯೂ ಕಣ್ಣಾರೆ ನೋಡಲಿ.

"ನಾವು ಬರ್ತೀವಿ" ಎಂದೆ.

ಸೆಂದಿಲ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಮತ್ತೆ ಕಾಲಿನಿಂದ ತಲೆಯವರೆಗೆ ನೋಡಿದ. "ಅಕ್ಕ ಬರ್ತಾರಾ?" ಎಂದ. "ಬರ್ತಾಳೆ." "ಕುಟ್ಟಿಗಳು?" "ಅವೂ ಬರ್ತವೆ." "ಹಾಗಾದ್ರೆ ಪರವಾಯಿಲ್ಲಂಗ" ಎಂದ. ಆ 'ಹಾಗಾದ್ರೆ'ಯ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮಹಡಿಯ ಮೇಲೆ ಯುದ್ಧವಾಯಿತು.

"ನಮ್ಮ ಮಕ್ಕಳು ಸ್ಕೂಲಿಗೆ ಹೋಗ್ತಾವೆ ಕಣ್ರೀ. ಹೋಮ್ ಸ್ಕೂಲಿಂಗ್ ಅಂತ ಸುಳ್ಳು ಹೇಳೋದಾ?"

"ಸುಳ್ಳೆಲ್ಲಿ ಬಂತು? ರಜೆ. ಮನೇಲಿದಾರೆ, ಅದು ಹೋಮು. ಪುಸ್ತಕ ಹಿಡೀತಾರೆ, ಅದು ಸ್ಕೂಲು."

"ಯಾರ ಮನೇಲೋ ಹೋಗಿ ಕೂರೋದು ಹೋಮ್ ಹೇಗಾಗುತ್ತೆ?"

"ಹಾಗಂದ್ರೆ ಈ ಮನೇನೂ ಜಾನಮ್ಮನವರದೇ."

ಇಪ್ಪತ್ತು ವಾದಗಳಿಗೊಂದರಂತೆ ನಾನೂ ಗೆಲ್ಲುತ್ತೇನೆ. ಆದರೆ ಗೆದ್ದ ಮೇಲೂ ಅವಳದೊಂದು ಷರತ್ತು ಇತ್ತು: "ರೇಷ್ಮೆ ಸೀರೆ ಗೀರೆ ಅಂತ ಉಡಲ್ಲ. ಕಾಟನ್ ಸೀರೇಲೇ ಬರ್ತೀನಿ. ಸುಮ್ನೆ ಕೂರೋಕೂ ನನ್ನ ಕೈಲಿ ಆಗಲ್ಲ, ಕೆಲಸ ತರ್ತೀನಿ."

ಕೆಲಸ ಎಂದರೆ ಏನೆಂದು ನಾನು ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಆಟೋದಲ್ಲಿ ನನ್ನ ತೊಡೆಯ ಮೇಲೆ ಒಂದು ಚೀಲ ಕೂತಿತು. ಇಣುಕಿದರೆ ಸಣ್ಣ ಈರುಳ್ಳಿ. ಕೊಯಮತ್ತೂರಿನಲ್ಲಿ ಸಾಂಬಾರಿಗೆ ದೊಡ್ಡ ಈರುಳ್ಳಿ ಹಾಕಿದವರನ್ನು ಜಾತಿಯಿಂದ ಹೊರಗಿಡುತ್ತಾರೋ ಏನೋ, ಎಲ್ಲರ ಮನೆಯಲ್ಲೂ ಈ ಗೋಲಿ ಗಾತ್ರದ್ದೇ. ರುಚಿ ಹೌದು, ಆದರೆ ಸುಲಿಯುವುದಕ್ಕೆ ಒಂದು ಜನ್ಮ ಸಾಲದು.

ವಿಲ್ಲಾ ಕಂಡಾಗ ನನ್ನ ಕಣ್ಣು ತುಂಬಿ ಬಂತು. (ಈರುಳ್ಳಿ ಇನ್ನೂ ಚೀಲದಲ್ಲೇ ಇತ್ತು.) ಅದು ಮನೆಯಲ್ಲ, ಮಯಸಭೆ. ಎಲ್ಲಿ ನೋಡಿದರೂ ಗಾಜು. ನಡುವೆ ಅಂಗಳ, ಅಂಗಳದ ಸುತ್ತ ಕೋಣೆಗಳು. ಭಕ್ತಿಯಿಂದ ಮುಂದೆ ನಡೆದವನು ಬಾಗಿಲೆಂದುಕೊಂಡ ಗೋಡೆಗೆ ಹಣೆ ಕುಟ್ಟಿಕೊಂಡೆ. ದುರ್ಯೋಧನನನ್ನು ನೋಡಿ ನಕ್ಕವಳು ದ್ರೌಪದಿ ಒಬ್ಬಳೇ; ನನ್ನನ್ನು ನೋಡಿ ಹೆಂಡತಿ, ಇಬ್ಬರು ಮಕ್ಕಳು, ಗೇಟಿನ ವಾಚ್‌ಮನ್ ಎಲ್ಲರೂ ನಕ್ಕರು.

ಸೆಂದಿಲ್ ಕೋಣೆಗಳನ್ನು ಪರಿಚಯಿಸುತ್ತಾ ನಡೆದ. "ಇದು ಡಿಸ್ಕವರಿ ಡೆಕ್. ಇದು ರೀಡಿಂಗ್ ಕಕೂನ್."

"ಕಕೂನ್ ಅಂದ್ರೆ ರೇಷ್ಮೆ ಗೂಡಲ್ವಾ?" ಎಂದಳು ದ್ರಾಕ್ಷಾಯಣಿ. "ನಮ್ಮ ಕಡೆ ಅದರೊಳಗೆ ಹೋದದ್ದನ್ನ ಬಿಸಿನೀರಿಗೆ ಹಾಕ್ತಾರೆ."

"ಇದು ಮೇಕರ್ ಸ್ಪೇಸ್ ಅಕ್ಕಾ. ಕುಟ್ಟಿಗಳು ಗೋಡೆ ಮೇಲೆ ಬರೀಬಹುದು, ಬಿಚ್ಚಬಹುದು, ಒಡೀಬಹುದುಂಗ."

"ಇದನ್ನ ನಮ್ಮನೇಲಿ ಮಾಡಿದ್ರೆ ನಿಮ್ಮ ಅತ್ತೆ ಮೇಲಕ್ಕೆ ಬಂದು ಕೂಗಾಡ್ತಾರಲ್ಲಪ್ಪ."

ಕೊನೆಗೆ ನನ್ನ ಕೋಣೆ ಬಂತು. 'ಪೇರೆಂಟ್ ಪಾಡ್.' ಅಂಗಳದ ಒಂದು ಮೂಲೆಯಲ್ಲಿ ಗಾಜಿನ ಡಬ್ಬಿಯಂಥ ಕೋಣೆ. ಅಪ್ಪನಾದವನು ಅಲ್ಲಿ ತಿರುಗುವ ಕುರ್ಚಿಯಲ್ಲಿ ಕೂತು, ಮಕ್ಕಳು ತಾವಾಗಿಯೇ ಕಲಿಯುವುದನ್ನು ಗಮನಿಸುತ್ತಿರಬೇಕು. ಗೋಡೆಯ ಮೇಲೆ ಸಾಲಾಗಿ ಗುಂಡಿಗಳು. ಒಂದು ಹನಿ ಶಬ್ದ ಒಳಗೆ ಬಾರದು, ಹೊರಗೆ ಹೋಗದು. ನಾನು ಆ ಕುರ್ಚಿಯಲ್ಲಿ ಕೂತೆ. ಇಷ್ಟು ವರ್ಷ ಎಲ್ಲಿದ್ದೆಯಪ್ಪಾ ಎನ್ನಿಸಿತು.

ಸೆಂದಿಲ್ ನನಗೊಂದು ಜುಬ್ಬಾ, ಪವರ್ ಇಲ್ಲದ ಒಂದು ಕನ್ನಡಕ ಕೊಟ್ಟ. "ಅಪ್ಪ ಅಂದ್ರೆ ಓದಿದೋರ ಥರ ಕಾಣ್ಬೇಕುಂಗ."

"ನಾನು ಓದಿದೋನೇ ಕಣಯ್ಯಾ."

"ಇರಬಹುದುಂಗ. ಕಾಣ್ಬೇಕಲ್ಲ."

ನಿಯಮಗಳು ಸರಳ: ಇಂಗ್ಲಿಷೇ ಮಾತಾಡಬೇಕು, ಯಾರೂ ಕೂಗಬಾರದು, ಶಾಲೆ ಎಂಬ ಶಬ್ದ ಬರಬಾರದು, ಮೊಬೈಲುಗಳನ್ನು ಅಡುಗೆಮನೆಯ ಡ್ರಾಯರಿನಲ್ಲಿ ಇಡಬೇಕು. ಅಪೂರ್ವಳನ್ನು ಮೇಲೆ ಡಿಸ್ಕವರಿ ಡೆಕ್ಕಿನಲ್ಲಿ, ಪ್ರಣವ್‌ನನ್ನು ಕಕೂನಿನಲ್ಲಿ, ದ್ರಾಕ್ಷಾಯಣಿಯನ್ನು ಅಡುಗೆಮನೆಯಲ್ಲಿ ಪ್ರತಿಷ್ಠಾಪಿಸಿ ಸೆಂದಿಲ್ ಗೇಟಿಗೆ ಹೋದ. ನಾನು ಡಬ್ಬಿಯೊಳಗೆ ವಿರಾಜಮಾನನಾದೆ. ಎಂಥ ನೆಮ್ಮದಿ! ಮಿಕ್ಸಿಯಿಲ್ಲ, ಮಗ್ಗಿಯಿಲ್ಲ, ಕೆಳಗಿನಿಂದ ಜಾನಮ್ಮನವರ ಟೀವಿಯಿಲ್ಲ. ಹೀಗಿದ್ದರೆ ಮಕ್ಕಳು ಕಲಿಯುವುದಿರಲಿ, ನಾನೇ ಮತ್ತೊಂದು ಡಿಗ್ರಿ ಮಾಡಬಹುದಿತ್ತು.

ಆ ನೆಮ್ಮದಿ ಬಾಗಿಲು ತೆರೆಯುವವರೆಗೆ ಇತ್ತು.

"ರೀ! ಆಗಿನಿಂದ ಕೂಗ್ತಿದೀನಿ. ಕೇಳಿಸಲ್ವಾ?"

"ಇಲ್ಲ" ಎಂದೆ. ಮದುವೆಯಾದ ಮೇಲೆ ಮೊದಲ ಸಲ ಅದನ್ನು ಪ್ರಾಮಾಣಿಕವಾಗಿ ಹೇಳಿದ ತೃಪ್ತಿಯಲ್ಲಿ ಮುಗುಳ್ನಕ್ಕೆ. "ಅದೇ ಈ ಮನೆ ವಿಶೇಷ."

"ಪ್ರಣವ್‌ನ ಕೂಗಿದ್ರೆ ಓ ಅನ್ನಲ್ಲ. ಅಪೂರ್ವ ಎಲ್ಲಿದಾಳೋ ಗೊತ್ತಿಲ್ಲ. ಆ ಅಡುಗೆಮನೇಲಿ ಗ್ಯಾಸೂ ಇಲ್ಲ, ನೀರೂ ಇಲ್ಲ. ಒಂದು ಲೋಟ ಕಾಫಿ ಮಾಡೋ ಯೋಗ್ಯತೆ ಇಲ್ಲದ ಅಡುಗೆಮನೆ!"

"ಅದು ಶೋ ಕಣೇ."

"ನೀವೂ ಶೋನೇ. ಎದ್ದು ಬನ್ನಿ, ಮಕ್ಕಳನ್ನ ಹುಡುಕಿ."

ಹುಡುಕಿದೆವು. ಪ್ರಣವ್ ಕಕೂನಿನ ಮೆತ್ತೆಯೊಳಗೆ ಪುಸ್ತಕ ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಅಪೂರ್ವ ಡೆಕ್ಕಿನಲ್ಲಿ ಗೋಡೆಯ ಮೇಲಿದ್ದ ಮಹಾನ್ ವಿಜ್ಞಾನಿಗಳಿಗೆಲ್ಲ ಮೀಸೆ ಬರೆದು, ಹೆಂಗಸರನ್ನೂ ಬಿಡದೆ, ಈಗ ಜಡೆ ಹಾಕುತ್ತಿದ್ದಳು.

"ಬೋರಾಗುತ್ತಮ್ಮಾ. ಇಲ್ಲಿ ಯಾರೂ ಬೈಯಲ್ಲ" ಎಂದಳು.

ದ್ರಾಕ್ಷಾಯಣಿ ಇಬ್ಬರ ಕೈಯನ್ನೂ ಹಿಡಿದಳು. "ಅಡುಗೆಮನೆ ಹಿಂದೆ ಯುಟಿಲಿಟಿ ಇದೆ, ಅಲ್ಲಿ ಗಾಳಿ ಬರುತ್ತೆ. ಒಂದಿಷ್ಟು ಲೆಕ್ಕ ಮಾಡಿಸ್ತೀನಿ. ಗಿರಾಕಿ ಬಂದ್ರೆ ಹೇಳಿ, ತಂದು ನಿಮ್ಮ ಗೂಡಿಗೆ ಹಾಕ್ತೀನಿ." ಈರುಳ್ಳಿ ಚೀಲವನ್ನೂ ಎತ್ತಿಕೊಂಡು ಹೋದಳು.

ಯುಟಿಲಿಟಿ ಎಂದರೆ ಆ ಅರಮನೆಯಲ್ಲಿ ವಿನ್ಯಾಸಕಾರರ ಕಣ್ಣು ಬೀಳದೆ ಉಳಿದ ಒಂದೇ ಜಾಗ. ಸಿಮೆಂಟು ನೆಲ, ಬಟ್ಟೆ ಒಗೆಯುವ ಕಲ್ಲು, ಒಂದು ನಲ್ಲಿ.

ನಾನು ಡಬ್ಬಿಗೆ ಮರಳಿ ಬಾಗಿಲು ಎಳೆದುಕೊಂಡೆ. ಅಷ್ಟರಲ್ಲಿ ಗೇಟಿನೊಳಗೆ ಮನೆಯಷ್ಟೇ ದೊಡ್ಡ ಒಂದು ಕಾರು ಬರುವುದು ಗಾಜಿನಲ್ಲಿ ಕಂಡಿತು. ತಿರುಪ್ಪೂರಿನ ಪಾರ್ಟಿ! ಗಾಬರಿಯಲ್ಲಿ ಎದ್ದೆ. ಗಿರಾಕಿ ಬರುವ ಮೊದಲು ದೀಪಗಳು ಹೊತ್ತಿರಲಿ, ಸೊಗಸಾಗಿ ಕಾಣಲಿ ಎಂದು ಗೋಡೆಯ ಮೇಲಿದ್ದ ಗುಂಡಿಗಳಲ್ಲಿ ಒಂದನ್ನು ಒತ್ತಿದೆ. ನಾನು ಪಂಪ್‌ಸೆಟ್ ಕಂಪನಿಯವನು. ಸ್ವಿಚ್ಚು ನನಗೆ ಹೊಸದಲ್ಲ.

'ಟಕ್' ಎಂದಿತು. ಬಾಗಿಲು. ಆಮೇಲೆ ಆಕಾಶವಾಣಿಯಂತೆ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಉಲಿಯಿತು: "ಫೋಕಸ್ ಮೋಡ್ ಆರಂಭವಾಗಿದೆ. ಈ ಪೀರಿಯಡ್ ಮುಗಿಯುವವರೆಗೆ ನಿಮಗೆ ಯಾರೂ ತೊಂದರೆ ಕೊಡುವುದಿಲ್ಲ."

ಮಕ್ಕಳು ಅರ್ಧಕ್ಕೆ ಎದ್ದು ಓಡದಿರಲೆಂದು ಎಲ್ಲ ಕೋಣೆಗಳಿಗೂ ಮಾಡಿದ ವ್ಯವಸ್ಥೆ. ಎಳೆದೆ, ತಳ್ಳಿದೆ, ಭುಜ ಕೊಟ್ಟೆ. ಬಾಗಿಲು ಅಲ್ಲಾಡಲಿಲ್ಲ. ಫೋನು ಅಡುಗೆಮನೆಯ ಡ್ರಾಯರಿನಲ್ಲಿ. ಆ ಗುಂಡಿಯನ್ನು ಮತ್ತೆ ಒತ್ತಿದರೆ "ಫೋಕಸ್" ಎಂದು ಬೈದಳು ಆಕೆ. ಬಿಡಿಸಿಕೊಳ್ಳಲೆಂದು ಅದರ ಪಕ್ಕದ್ದನ್ನು ಒತ್ತಿದೆ. ಕೋಣೆಯೆಲ್ಲ ನೀಲಿಯಾಗಿ, ಸಮುದ್ರ ತುಂಬಿಕೊಂಡು, ಎದುರು ಗೋಡೆಯಿಂದ ಒಂದು ತಿಮಿಂಗಿಲ ಹೊರಟು ನನ್ನ ಜುಬ್ಬಾದ ಮೇಲೆ ಈಜಿಕೊಂಡು ಹೋಯಿತು.

ಈ ಸ್ಥಿತಿಯಲ್ಲಿ ನಾನಿರುವಾಗ ಸೆಂದಿಲ್ ಪಾರ್ಟಿಯನ್ನು ಅಂಗಳಕ್ಕೆ ಕರೆತಂದ. ಬನಿಯನ್ ಎಕ್ಸ್‌ಪೋರ್ಟ್ ಮಾಡುವ ಸೋಮಸುಂದರಂ, ಕಿವಿಯಲ್ಲಿ ಫೋನು. ಹೆಂಡತಿ ಜಯಪ್ರಿಯಾ. ಕಾಲು ಎಳೆಯುತ್ತಾ ಬರುತ್ತಿದ್ದ ಎಂಟೊಂಬತ್ತು ವರ್ಷದ ಮಗಳು. ಹಿಂದೆ ಸೋಮಸುಂದರಂ ಅವರ ತಾಯಿ ರಾಮಾತಾಳ್, ಹಣೆ ತುಂಬ ವಿಭೂತಿ.

ನಾನು ಗಾಜು ಬಡಿದೆ. ಎರಡೂ ಕೈ ಎತ್ತಿ ಅಲ್ಲಾಡಿಸಿದೆ. "ಬಾಗಿಲು! ಬಾಗಿಲು!" ಎಂದು ಗಂಟಲು ಹರಿಯುವಂತೆ ಅರಚಿದೆ. ನನ್ನ ಹಿಂದೆ ಎರಡನೆಯ ತಿಮಿಂಗಿಲ ಬಾಯಿ ತೆರೆಯಿತು. ಸೆಂದಿಲ್‌ನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಮರುಕ್ಷಣ ಅವನು ನನ್ನ ಕಡೆ ಕೈ ತೋರಿಸಿ ಹೆಮ್ಮೆಯಿಂದ ಏನನ್ನೋ ಹೇಳಿದ. ಏನು ಹೇಳಿದನೆಂದು ಆಮೇಲೆ ತಿಳಿಯಿತು: "ಅದು ನಟನೆ ಮೂಲಕ ಪಾಠಂಗ. ಸಮುದ್ರದಲ್ಲಿ ಸಿಕ್ಕಿಕೊಂಡ ಮನುಷ್ಯ. ಅಪ್ಪ ಮೊದಲು ಪ್ರಾಕ್ಟೀಸ್ ಮಾಡ್ಕೊಂಡು ಅಪ್ಪುರಂ ಮಕ್ಕಳಿಗೆ ತೋರಿಸ್ತಾರೆ."

ಸೋಮಸುಂದರಂ ತಲೆದೂಗಿದರು. ಹುಡುಗಿ ನನಗೆ ಟಾಟಾ ಮಾಡಿದಳು. ರಾಮಾತಾಳ್ ಮಾತ್ರ ಗಾಜಿನ ಹತ್ತಿರ ಬಂದು, ನನ್ನನ್ನು ದಿಟ್ಟಿಸಿ, "ಅಯ್ಯೋ ಪಾವಂ" ಎಂಬಂತೆ ತುಟಿಯಾಡಿಸಿ, ಕೈ ಮುಗಿದು ಮುಂದೆ ಹೋದರು.

ಗಾಜಿನ ಮನೆಯಲ್ಲಿ ಒಂದು ಅನುಕೂಲ. ಅಂಗಳದಾಚೆ ಅಡುಗೆಮನೆ, ಅದರಾಚೆ ಯುಟಿಲಿಟಿ, ಎಲ್ಲ ನನಗೆ ಕಾಣುತ್ತಿತ್ತು. ಮಾತಿಲ್ಲದ ಸಿನಿಮಾದಂತೆ. ದ್ರಾಕ್ಷಾಯಣಿ ನೆಲದ ಮೇಲೆ ಕಾಲು ನೀಡಿ ಕೂತಿದ್ದಳು. ಒಂದು ಪಕ್ಕ ಅಪೂರ್ವ ಅವಳ ತೊಡೆಗೆ ಒರಗಿಕೊಂಡು ಬರೆಯುತ್ತಿದ್ದಳು. ಇನ್ನೊಂದು ಪಕ್ಕ ಪ್ರಣವ್ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿದ್ದ. ನಡುವೆ ಈರುಳ್ಳಿಯ ರಾಶಿ. ದ್ರಾಕ್ಷಾಯಣಿಯ ಬಾಯಿ ದೊಡ್ಡದಾಗಿ ತೆರೆಯಿತು. ಪ್ರಣವ್ ನೆಟ್ಟಗೆ ನಿಂತು ಏನೋ ಹೇಳಿದ. ಅವಳು ಅವನ ಕೆನ್ನೆ ತಟ್ಟಿ ನಕ್ಕಳು. ಇಷ್ಟು ವರ್ಷ ಕೇಳುತ್ತಾ ಬಂದದ್ದನ್ನು ನಾನು ಆವತ್ತು ಮೊದಲ ಸಲ ನೋಡಿದೆ. ಕೇಳುವಾಗ ಅದು ಗಲಾಟೆ. ನೋಡುವಾಗ ಬೇರೆ ಏನೋ ಆಗಿತ್ತು. ಗಾಜಿಗೆ ಹಣೆ ಆನಿಸಿ ಸ್ವಲ್ಪ ಹೊತ್ತು ಹಾಗೇ ನಿಂತೆ. (ಹಾಗೆ ನಿಂತದ್ದೂ ನಟನೆಯ ಲೆಕ್ಕಕ್ಕೇ ಹೋಯಿತಂತೆ.)

ಆಮೇಲೆ ಅಲ್ಲಿ ಆದದ್ದನ್ನು ನಾನು ಕಣ್ಣಿನಿಂದ ನೋಡಿದೆ, ಮಾತುಗಳನ್ನು ರಾತ್ರಿ ಊಟದ ಹೊತ್ತಿನಲ್ಲಿ ಮೂವರ ಬಾಯಿಂದಲೂ ಒಟ್ಟಿಗೇ ಕೇಳಿದೆ.

ಸೆಂದಿಲ್ ಪಾರ್ಟಿಯನ್ನು ಡೆಕ್ಕಿಗೆ ಕರೆದೊಯ್ದರೆ ಅಲ್ಲಿ ಯಾರೂ ಇಲ್ಲ, ಮೀಸೆಗಳಿವೆ. ಕಕೂನಿನಲ್ಲೂ ಯಾರೂ ಇಲ್ಲ. ಬೆವರು ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಬಂದರೆ ಹಿಂದಿನಿಂದ ಒಂದು ದನಿ ಬಂತು: "ತಪ್ಪು! ಏಳೊಂಬತ್ಲಿ ಅರವತ್ತೆರಡಾ? ಎರಡು ಈರುಳ್ಳಿ ಸುಲಿ!"

ರಾಮಾತಾಳ್ ಥಟ್ಟನೆ ನಿಂತರು. "ಏಯ್ ಸೋಮು, ನಮ್ಮ ಮಾತು ಡಾ!" ಎಂದು ಎಲ್ಲರನ್ನೂ ದಾಟಿ ಯುಟಿಲಿಟಿಗೆ ನುಗ್ಗಿದರು. "ಏನಮ್ಮಾ, ನೀನು ಕನ್ನಡಾನಾ? ನಾವೂ ಮನೇಲಿ ಅದೇ ತಾನ್. ಯಾವೂರು?"

ಇಂಗ್ಲಿಷಿನ ನಿಯಮ ಅಲ್ಲಿಗೆ ಮುಗಿಯಿತು. ದ್ರಾಕ್ಷಾಯಣಿ ಏಳಲು ಹೋದರೆ ರಾಮಾತಾಳ್ ಅವಳ ಭುಜ ಅದುಮಿ ಕೂರಿಸಿ, ತಾವೂ ಪಕ್ಕದಲ್ಲಿ ಕೂತು ಒಂದು ಹಿಡಿ ಈರುಳ್ಳಿ ಮಡಿಲಿಗೆ ಹಾಕಿಕೊಂಡರು.

"ಇದೇನು ಆಟ?" ಎಂದು ಹುಡುಗಿ ಪ್ರಣವ್‌ನನ್ನು ಕೇಳಿದಳು.

"ತಪ್ಪು ಹೇಳಿದ್ರೆ ಎರಡು ಸುಲೀಬೇಕು. ಸರಿ ಹೇಳಿದ್ರೆ ಅಮ್ಮ ಸುಲೀತಾರೆ. ಅಮ್ಮ ಆಗ್ಲೇ ಅಷ್ಟು ಸುಲಿದಿದಾರೆ ನೋಡು" ಎಂದ ಪ್ರಣವ್, ತನ್ನ ಜಾಣತನಕ್ಕೆ ತಾನೇ ಬೀಗುತ್ತಾ.

"ನನ್ನನ್ನೂ ಕೇಳಿ ಆಂಟಿ" ಎಂದು ಹುಡುಗಿ ಕೂತೇಬಿಟ್ಟಳು.

ಜಯಪ್ರಿಯಾ ಬಾಯಿ ಬಿಟ್ಟುಕೊಂಡು ನೋಡಿದರಂತೆ. "ಅಕ್ಕಾ, ಮನೇಲಿ ಇವಳಿಗೆ ಅಂತ ತನಿ ರೂಮು, ತನಿ ಟೇಬಲ್ಲು, ಏಸಿ ಎಲ್ಲಾ ಮಾಡಿದೀವಿ. ಟ್ಯೂಷನ್ ಮಿಸ್ ಬಂದ್ರೆ ಮಂಚದ ಕೆಳಗೆ ಹೋಗಿ ಒಳಿದುಕೊಳ್ತಾಳೆ. ಇಲ್ಲಿ ಬಂದು ತಾನಾಗೇ ಕೂತ್ಕೊಂಡ್ಳಲ್ಲ!"

"ಒಬ್ಬಳನ್ನೇ ಕೂರಿಸಿದ್ರೆ ಯಾವ ಮಗು ಕೂರುತ್ತೆ?" ಎಂದಳಂತೆ ದ್ರಾಕ್ಷಾಯಣಿ. "ಪಕ್ಕದಲ್ಲಿ ಯಾರಾದ್ರೂ ಇರ್ಬೇಕು. ನಮ್ಮ ಕೆಲಸ ನಾವು ಮಾಡ್ಕೊಂಡಿದ್ರೆ ಅವು ಅವುಗಳ ಕೆಲಸ ಮಾಡ್ತವೆ."

ಸೋಮಸುಂದರಂ ಫೋನು ಕಿಸೆಗೆ ಹಾಕಿದರು. ಬಗ್ಗಿ ಒಂದು ಈರುಳ್ಳಿ ಎತ್ತಿಕೊಂಡು ಒಗೆಯುವ ಕಲ್ಲಿನ ತುದಿಯಲ್ಲಿ ಕೂತರು. ಗಾಜಿನಾಚೆ, ನಮ್ಮ ಈರುಳ್ಳಿಯ ಮುಂದೆ ಕೂತು ತಿರುಪ್ಪೂರಿನ ಆ ದೊಡ್ಡ ಕುಳ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನಾನೇ ನೋಡಿದೆ.

ನಡುವೆ ರಾಮಾತಾಳ್ ಪ್ರಣವ್‌ನ ತಲೆ ಸವರಿ ಕೇಳಿದರಂತೆ: "ಆ ನೀಲಿ ರೂಮಲ್ಲಿ ಕುಣೀತಾ ಇದಾರಲ್ಲ, ಅವರು ಯಾರು ಕಣ್ಣು?"

"ನಮ್ಮಪ್ಪ" ಎಂದನಂತೆ ಪ್ರಣವ್. "ಏನೋ ಒತ್ತಿಬಿಟ್ಟಿರ್ತಾರೆ. ಮನೇಲೂ ಹಾಗೇ."

ಪೀರಿಯಡ್ ಮುಗಿಯಿತು. ಗಂಟೆ ಬಾರಿಸಿ, "ನೀವು ಚೆನ್ನಾಗಿ ಕಲಿತಿದ್ದೀರಿ" ಎಂದು ನನ್ನನ್ನು ಅಭಿನಂದಿಸಿ ಆಕೆ ಬಾಗಿಲು ಬಿಟ್ಟಳು. ಜುಬ್ಬಾ ಒದ್ದೆ, ಕನ್ನಡಕ ಸೊಟ್ಟ, ಗಂಟಲು ಬಿದ್ದುಹೋಗಿತ್ತು. ಅಂಗಳಕ್ಕೆ ಓಡಿಬಂದಾಗ ಪಾರ್ಟಿ ಕಾರು ಹತ್ತುತ್ತಿತ್ತು. ರಾಮಾತಾಳ್ ನನ್ನ ಕೈಗೆ ಒಂದು ಬಾಳೆಹಣ್ಣು ಇಟ್ಟು, "ತಿನ್ನು ತಂಬಿ. ಆಯಾಸ ಆಗಿರುತ್ತೆ" ಎಂದರು.

ಸೋಮವಾರ ಸಂಜೆ ಸೆಂದಿಲ್ ಸಿಹಿಯ ಡಬ್ಬಿ ಹಿಡಿದು ಮಹಡಿ ಹತ್ತಿಬಂದ. ಹಿಂದೆಯೇ ಜಾನಮ್ಮನವರೂ ಬಂದರು.

"ಬುಕ್ ಆಯ್ತುಂಗ! ಒಂದಲ್ಲ, ಅವರ ಮಚ್ಚಾನ್‌ಗೂ ಒಂದು!" ಎಂದ. ಮಚ್ಚಾನ್ ಎಂದರೆ ಭಾವಮೈದುನ. "ಆನಾ ಪ್ಲಾನ್ ಮಾತ್ರ ಚೇಂಜ್. ಡೆಕ್ ಬೇಡ, ಕಕೂನ್ ಬೇಡ. ಯುಟಿಲಿಟೀನ ನಾಲ್ಕರಷ್ಟು ಮಾಡು, ಸಿಮೆಂಟ್ ನೆಲಾನೇ ಇರಲಿ, ಒಗೆಯೋ ಕಲ್ಲು ಕಂಡಿಪ್ಪಾ ಬೇಕು ಅಂದ್ರು. ನಾನು ಹೆಸರು ಇಟ್ಟೂಬಿಟ್ಟೆ: ಫ್ಯಾಮಿಲಿ ಲರ್ನಿಂಗ್ ಫ್ಲೋರ್."

"ನಮ್ಮ ಚಾಪೆಗೆ ಇಷ್ಟು ದೊಡ್ಡ ಹೆಸರಾ?" ಎಂದು ದ್ರಾಕ್ಷಾಯಣಿ ನಕ್ಕಳು.

ನಾನು ಗಂಭೀರವಾಗಿ ಕೇಳಿದೆ: "ನನ್ನ ಪಾಡ್?"

"ಅದನ್ನ ಒಡೆದು ತಾನ್ ಯುಟಿಲಿಟಿ ದೊಡ್ಡದು ಮಾಡೋದುಂಗ."

ಸೆಂದಿಲ್ ಚಪ್ಪಲಿಯ ಗುರುತು ನೆಲದ ಮೇಲಿದೆಯೇನೋ ಎಂಬಂತೆ ಕೆಳಗೆ ನೋಡುತ್ತಾ ನಿಂತ. "ಅಣ್ಣಾ, ಬರೋ ಸನಿವಾರ ಇನ್ನೂ ಪಾರ್ಟಿ ಬರ್ತಾರೆ. ತಿರುಪ್ಪೂರಿನೋರ ಮಾತು ಕೇಳಿ ಎಲ್ಲಾರೂ 'ಆ ಫ್ಯಾಮಿಲಿ ಇರುತ್ತಾ' ಅಂತಾನೇ ಕೇಳ್ತಾರೆ."

"ಬರೋಣ, ಅದಕ್ಕೇನು!" ಎಂದೆ.

"ಅದು ಸರೀಂಗ. ಅಕ್ಕ, ಪಾಪ್ಪಾ, ಪ್ರಣವ್ ತಂಬಿ ಮೂರು ಜನ ಬಂದ್ರೆ..." ಅವನು ಜಾನಮ್ಮನವರ ಕಡೆ ನೋಡಿದ. ಜಾನಮ್ಮನವರಿಗೆ ಮಾತು ಮುಚ್ಚಿಡುವ ಅಭ್ಯಾಸವಿಲ್ಲ.

"ಆ ತಿರುಪ್ಪೂರಿನೋರು ಅಪ್ಪನ್ನ ಮಾತ್ರ ಬೇರೆ ಹಾಕು ಅಂದ್ರಂತೆ ತಂಬಿ. ಅಮ್ಮನೂ ಕುಟ್ಟಿಗಳೂ ರೊಂಬ ಸಹಜ, ಅಪ್ಪ ಆಗಿ ಬಂದಿರೋ ಆಳಿಗೆ ಓವರ್ ಆಕ್ಟಿಂಗು ಅಂತ."

"ನಾನು ಆಳಲ್ಲ! ನಾನೇ ಅಪ್ಪ!"

"ನಮಗೆ ಗೊತ್ತುಂಗ" ಎಂದ ಸೆಂದಿಲ್ ಸಮಾಧಾನವಾಗಿ. "ನೋಡೋರು ನಂಬಬೇಕಲ್ಲ. ಅದಕ್ಕೆ ಸರವಣಕುಮಾರ್ ಅಂತ ಒಬ್ಬರನ್ನ ಮಾತಾಡಿದೀನಿ. ಪಂಚೆ ಜಾಹೀರಾತಿಗೆಲ್ಲ ಬರ್ತಾರಲ್ಲ, ಅವ್ರು."

ನಾನು ದ್ರಾಕ್ಷಾಯಣಿಯ ಕಡೆ ತಿರುಗಿದೆ. ಪತಿವ್ರತೆಯರ ಪರಂಪರೆಯೊಂದು ಈ ನಾಡಿನಲ್ಲಿದೆ. ಅವಳು ಸಿಡಿದೇಳುವ ಕ್ಷಣಕ್ಕಾಗಿ ಕಾದೆ.

"ಆ ಎತ್ತರದವರಾ?" ಎಂದಳು ದ್ರಾಕ್ಷಾಯಣಿ. "ಗಲ್ಲಿ ತುದಿಯ ಬೋರ್ಡಿನಲ್ಲಿದಾರಲ್ಲ, ಅವರಾ?"

"ಅವರೇಂಗ ಅಕ್ಕಾ."

"ನಮ್ಮಿಂದ ನಿನಗೆ ವ್ಯಾಪಾರ ಆಗೋದಾದ್ರೆ ಯಾಕೆ ಬೇಡ ಅನ್ನಲಿ" ಎಂದು ಒಳಗೆ ಹೋದಳು. ಬೀರು ತೆರೆಯುವ ಸದ್ದಾಯಿತು. ಚಿಕ್ಕ ಮನೆ, ಎಲ್ಲ ಕೇಳಿಸುತ್ತದೆ. ಸಿರುಮುಗೈ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದ ಸರಸರ ಶಬ್ದವೂ ಕೇಳಿಸಿತು.

"ಕಾಟನ್ನೇ ಉಡ್ತೀನಿ ಅಂದಿದ್ದೆ!" ಎಂದು ಕೂಗಿದೆ.

"ಅದು ಹೋದ ವಾರ!"

"ಈರುಳ್ಳಿ ಸುಲಿಯೋಕೆ ರೇ‌ಷ್ಮೆ ಸೀರೆಯಾ?"

"ನೀವು ಮನೇಲೇ ಇರ್ತೀರಲ್ಲ, ಈ ಸಲ ನೀವೇ ಸುಲಿದಿಡಿ."

ಶುಕ್ರವಾರದವರೆಗೆ ನಾನು ಮೌನ ಸತ್ಯಾಗ್ರಹ ಹೂಡಿದೆ. ಯಾರಿಗೂ ತಿಳಿಯಲಿಲ್ಲ. ಕೊನೆಗೆ ಸೆಂದಿಲ್‌ಗೇ ಕರುಣೆ ಬಂತು. "ನೀವೂ ಬನ್ನೀಂಗ ಅಣ್ಣಾ. ನಾಲ್ಕು ಜನ ಗಿರಾಕಿ ಜಾಸ್ತಿ ಇದ್ದ ಹಾಗೆ ಕಂಡ್ರೆ ಒಳ್ಳೇದು. ಪಾರ್ಟಿಗಳ ಜೊತೆ ಸೇರಿ ಸುಮ್ಮನೆ ನೋಡ್ಕೊಂಡು ಹೋಗಿ. ಆನಾ ಏನೂ ಒತ್ತಬೇಡಿ."

ಹಾಗೆ ಶನಿವಾರ ನಾನು ಇಸ್ತ್ರಿ ಮಾಡಿದ ಷರಟು ತೊಟ್ಟು, ಅಪರಿಚಿತ ಶ್ರೀಮಂತರ ಸಾಲಿನಲ್ಲಿ ನಿಂತು, ನನ್ನದೇ ಸಂಸಾರವನ್ನು ನೋಡಲು ಒಳಗೆ ಹೋದೆ. ಯುಟಿಲಿಟಿ ಇನ್ನು ಹೆಸರಿಗೆ ಮಾತ್ರ ಯುಟಿಲಿಟಿ. ಹೊಸ ಚಾಪೆ. ಅದರ ಮೇಲೆ ರೇಷ್ಮೆ ಸೀರೆಯ ದ್ರಾಕ್ಷಾಯಣಿ ನಮ್ಮ ಮದುವೆಯ ಫೋಟೋದಲ್ಲಿಯೂ ನಗದಷ್ಟು ಚೆನ್ನಾಗಿ ನಗುತ್ತಿದ್ದಳು. ಎದುರಿಗೆ ಸರವಣಕುಮಾರ್. ಆರಡಿ ಆಳು, ಹೊಳೆಯುವ ಪಂಚೆ. ಅಪೂರ್ವಳಿಗೆ ಭಿನ್ನರಾಶಿ ಹೇಳಿಕೊಡುತ್ತಾ, ಒಂದು ಸಲವೂ ಸಿಡುಕದೆ, ಈರುಳ್ಳಿಯನ್ನೂ ಸುಲಿಯುತ್ತಿದ್ದ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಸಾಲಿನಲ್ಲಿದ್ದ ಹೆಂಗಸೊಬ್ಬರು ತಮ್ಮ ಗಂಡನನ್ನು ಮೊಣಕೈಯಿಂದ ತಿವಿದು, "ಪಾರುಂಗ, ಅಪ್ಪ ಅಂದ್ರೆ ಹೀಗಿರ್ಬೇಕು" ಎಂಬರ್ಥದ ಏನನ್ನೋ ತಮಿಳಿನಲ್ಲಿ ಹೇಳಿದರು. ಆ ಗಂಡನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಷ್ಟರಲ್ಲಿ ಪ್ರಣವ್ ಚಾಪೆಯಿಂದ ಎದ್ದು ನನ್ನೆದುರು ಬಂದು ನಿಂತ. ಸೆಂದಿಲ್ ವಾರವಿಡೀ ಅವನನ್ನು ತಯಾರು ಮಾಡಿದ್ದ: ಯಾರೇ ಬರಲಿ, ಗೊತ್ತಿರಲಿ ಗೊತ್ತಿಲ್ಲದಿರಲಿ, ಒಂದೇ ಥರ ಸ್ವಾಗತಿಸಬೇಕು, ನಗಬಾರದು, ಮರೆಯಬಾರದು. ಹುಡುಗ ಮರೆಯಲೂ ಇಲ್ಲ, ನಗಲೂ ಇಲ್ಲ. ಕೈ ಮುಗಿದು ಕೇಳಿದ:

"ವೆಲ್‌ಕಮ್ ಸಾರ್. ನಿಮಗೆ ಮಕ್ಕಳಿದಾರಾ?"

"ಹೋದ ಶನಿವಾರದವರೆಗೂ ಇಬ್ಬರಿದ್ರು" ಎಂದೆ.

ಅವನು ಒಂದು ಕ್ಷಣ ಯೋಚಿಸಿದ. "ಈಗ ಇಲ್ವಾ? ಹಾಗಾದ್ರೆ ನಿಮಗೆ ಇಷ್ಟು ದೊಡ್ಡ ಮನೆ ಬೇಡ ಸಾರ್" ಎಂದು, ನನ್ನ ಹಿಂದೆ ನಿಂತಿದ್ದವರ ಕಡೆ ತಿರುಗಿ ಕೈ ಮುಗಿದ.